ಗೋಡೆಯೂ ಒಂದು ಹೂಜಿ

ಪ್ರತಿ ಮಳೆಗಾಲ ಕಳೆಯುವ ಹೊತ್ತಿಗೆ ನಡುಮನೆಯ ಗೋಡೆಯ ಬಣ್ಣ ಬೊಬ್ಬೆಯೆದ್ದು ಉದುರುವುದೆಂದೂ, ಮೂರು ಸಲ ಕೆರೆಸಿ ಬಳಿಸಿದರೂ, ಕಡೆಯ ಸಲ ನೀರು ತಡೆಯುವುದೆಂದು ಹೇಳಿ ಕೊಟ್ಟ ದುಬಾರಿ ಬಣ್ಣವನ್ನೇ ಹೊಡೆಸಿದರೂ ಅದೇ ಗತಿಯಾಯಿತೆಂದೂ ಓದುಗರೊಬ್ಬರು ಬರೆದು, ಇದಕ್ಕೆ ಒಳ್ಳೆಯ ಬಣ್ಣ ಯಾವುದೆಂದು ಕೇಳಿದ್ದಾರೆ. ಅವರನ್ನು ಬಣ್ಣದಂಗಡಿಗೆ ಕಳುಹಿಸುವ ಮೊದಲು ಅಡುಗೆಮನೆಯ ಮೂಲೆಯ ಮಣ್ಣಿನ ಹೂಜಿಯ ಬಳಿಗೆ ಕರೆದೊಯ್ಯಬಯಸುತ್ತೇನೆ.

ಹೂಜಿಯ ಒಡಲು ಗಟ್ಟಿಯೆಂದು ತೋರಿದರೂ ಕಣ್ಣಿಗೆ ಕಾಣದ ಅಸಂಖ್ಯ ರಂಧ್ರಗಳಿಂದ ಕೂಡಿದ್ದು, ನೀರು ಅವುಗಳ ಮೂಲಕ ಹೊರಮೈಗೆ ಜಿನುಗಿ ಆವಿಯಾಗುವುದರಿಂದಲೇ ಒಳಗೆ ಉಳಿದ ನೀರು ತಣ್ಣಗಾಗುವುದೆಂಬುದು ಎಲ್ಲರೂ ಬಲ್ಲ ಸಂಗತಿ. ಗಡಸು ಬಾವಿನೀರನ್ನು ಎರಡು ಬೇಸಗೆ ತುಂಬಿಸಿದ ಹಳೆಯ ಹೂಜಿಯ ಹೊಟ್ಟೆಯ ಮೇಲೆ ಬೂದಿ ಬಳಿದಂತಹ ಬಿಳಿಯ ಪೊರೆಯೊಂದಿರುವುದನ್ನು ಮಾತ್ರ ಎಲ್ಲರೂ ಗಮನಿಸಿರಲಾರರು. ಆವಿಯಾಗಿ ಹೋದದ್ದು ನೀರು; ಅದರಲ್ಲಿ ಕರಗಿದ್ದ ಲವಣ ಎಲ್ಲಿಗೆ ಹೋದೀತು? ಅಂಥ ಹೂಜಿಗೆ ಅಂದ ಹೆಚ್ಚಲೆಂದು ಯಾರಾದರೂ ಎಣ್ಣೆಬಣ್ಣ ಬಳಿದರೆನ್ನಿ: ನೀರು ತಣ್ಣಗಾಗುವುದು ನಿಲ್ಲುವುದಲ್ಲದೆ, ಹೊರದಾರಿ ಕಾಣದ ತೇವವೂ ಲವಣವೂ ಸೇರಿ ಬಣ್ಣದ ಪೊರೆಯನ್ನು ಹಿಂದಿನಿಂದ ನೂಕಿ ಅಲ್ಲಲ್ಲಿ ಎಬ್ಬಿಸುವುವು. ನಮ್ಮ ಗೋಡೆಯೂ ಇಂಥದೇ ಹೂಜಿ. ಅದರ ನೀರು ಹೊಟ್ಟೆಯಲ್ಲಿರದೆ ಪಾದದಡಿಯಲ್ಲಿದೆಯೆಂಬುದಷ್ಟೇ ಭೇದ.

ಪಾದದಡಿಯ ನೀರು ಮೇಲೇರುವುದು ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ಕೇಶಾಕರ್ಷಣದಿಂದ. ನಾಳ ಕಿರಿದಾದಷ್ಟೂ ನೀರು ಎತ್ತರಕ್ಕೇರುವುದೆಂಬ ನಿಯಮ, ಅದನ್ನು 1718ರಲ್ಲಿ ನಿರೂಪಿಸಿದ ಆಂಗ್ಲ ವೈದ್ಯ ಜೇಮ್ಸ್ ಜ್ಯೂರಿನ್ನನ ಹೆಸರಿನಲ್ಲಿಯೇ ಇದೆ. ಅದರ ಮೂಲಕಾರಣವಾದ ಮೇಲ್ಮೈ ಕರ್ಷಣದ ಗಣಿತವನ್ನು 1805-06ರ ಸುಮಾರಿಗೆ ವಿಜ್ಞಾನಿಗಳಾದ ಯಂಗ್ ಮತ್ತು ಲಾಪ್ಲಾಸರು ಬಿಡಿಸಿದರು. ಒಂದು ಮಿಲಿಮೀಟರ್ ತ್ರಿಜ್ಯದ ಗಾಜಿನ ನಾಳದಲ್ಲಿ ಒಂದೂವರೆ ಸೆಂಟಿಮೀಟರಿನಷ್ಟೇ ಏರುವ ನೀರು, ಅದರ ನೂರನೆಯ ಒಂದು ಪಾಲಿನ ತ್ರಿಜ್ಯದಲ್ಲಿ ಒಂದೂವರೆ ಮೀಟರ್ ಏರಬಲ್ಲುದು. ಇಟ್ಟಿಗೆಯಲ್ಲಿ ಇದಕ್ಕಿಂತ ಕಿರಿದಾದ ರಂಧ್ರಗಳೂ ಉಂಟು. ಆದರೂ ಗೋಡೆಯ ಥಂಡಿ ಸಾಮಾನ್ಯವಾಗಿ ಮೂರು ನಾಲ್ಕು ಅಡಿಗೆ ನಿಲ್ಲುವುದು, ಏರಿದಷ್ಟೂ ನೀರು ಮೈಯಿಂದ ಆವಿಯಾಗಿ ಹೋಗುವುದರಿಂದ. ಆ ಮೈಯನ್ನೇ ನೀರು ತಡೆಯುವ ಬಣ್ಣದಿಂದ ಮುಚ್ಚಿದರೆ ಥಂಡಿ ಇನ್ನೂ ಮೇಲಕ್ಕೇರದೆ ಇನ್ನೇನು ಮಾಡೀತು!

ಕಳೆದ ವರ್ಷ ನಮ್ಮ ಮನೆಯಲ್ಲೇ ಒಂದು ಬೊಬ್ಬೆಯನ್ನು ಉಗುರಿನಿಂದ ಒಡೆದು ನೋಡಿದೆ. ಒಳಗೆ ಹತ್ತಿಯ ಎಳೆಯಂತೆ ನವಿರಾದ ಬಿಳಿಯ ಸ್ಫಟಿಕಗಳು. ಅವುಗಳ ಹಿಂದೆ ಗಾರೆ ಬೆರಳು ತಾಗಿದರೆ ಪುಡಿಯಾಗುತ್ತಿತ್ತು. ಇಟ್ಟಿಗೆ ಸಿಮೆಂಟುಗಳಿಂದ ಹೊರಡುವ ಇಂಥ ಲವಣಗಳಲ್ಲಿ ಸೋಡಿಯಂ ಸಲ್ಫೇಟು ಮುಖ್ಯವಾದುದು. ಹದಿನೇಳನೆಯ ಶತಮಾನದಲ್ಲಿ ರಸಾಯನಜ್ಞ ಗ್ಲೌಬರನು ಇದನ್ನೇ ಅದ್ಭುತ ಲವಣವೆಂದು ಕರೆದು ಹೊಟ್ಟೆ ಶುದ್ಧಿಗೆ ಕೊಟ್ಟನು. ಇದು ತನ್ನ ಒಂದು ಅಣುವಿಗೆ ಹತ್ತು ನೀರಿನ ಅಣುಗಳನ್ನು ಸೇರಿಸಿಕೊಂಡು ಮೂರು ಪಟ್ಟಿಗೂ ಮಿಕ್ಕಿ ಹಿಗ್ಗುವುದು, ಒಣಗಿದಾಗ ಮತ್ತೆ ಕುಗ್ಗುವುದು. ಹೊಟ್ಟೆಗೆ ಹಿತವಾದ ಆ ಅದ್ಭುತವನ್ನು ಗಾರೆ ಎಷ್ಟು ಋತು ತಡೆದೀತು?

ಎಲ್ಲ ತೇವವೂ ನೆಲದ್ದಲ್ಲ. ಒಡೆದ ಕೊಳಾಯಿ, ಬಿರುಕುಬಿಟ್ಟ ಸಜ್ಜೆಗಳೂ ಇವೆ. ಒಂದು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕಂಚೂ ಬಿಗಿಯಾಗಿ ಅಂಟಿಸಿ ಎರಡು ದಿನ ಬಿಡಿ: ಹನಿಗಳು ಕೋಣೆಯ ಕಡೆ ಕಟ್ಟಿದರೆ ಅದು ಗಾಳಿಯ ತೇವ, ಕಿಟಕಿ ತೆರೆದಿಟ್ಟರೆ ಅರ್ಧ ಚಿಕಿತ್ಸೆಯಾಯಿತು, ಗೋಡೆಯ ಕಡೆ ಕಟ್ಟಿದರೆ ತೇವ ಗೋಡೆಯೊಳಗಿನದು. ನಮ್ಮ ಮನೆಯಲ್ಲಿ ಗೋಡೆಯ ಕಡೆಯೇ ಕಟ್ಟಿತು. ಹೊರಗೆ ಹೋಗಿ ನೋಡಿದರೆ, ಪಾಯದ ಮೇಲೆ ತೇವ ತಡೆಯಲೆಂದು ಹಾಕಿದ್ದ ಪದರಕ್ಕಿಂತ ಒಂದು ಗೇಣು ಎತ್ತರಕ್ಕೆ ನಾವೇ ಹೂದೋಟದ ಮಣ್ಣು ಏರಿಸಿದ್ದೆವು! ಮಣ್ಣು ತೆಗೆಸಿ, ಕಲೆಯ ಮೇಲೆ ಒಂದು ಅಡಿಯವರೆಗೆ ಸಿಮೆಂಟು ಗಾರೆಯನ್ನು ಕೆತ್ತಿಸಿ, ಉಪ್ಪನ್ನು ಒಣ ಕುಂಚದಿಂದ ಗುಡಿಸಿದೆವು; ನೀರಿನಿಂದ ತೊಳೆದರೆ ಅದು ಕರಗಿ ಮತ್ತೆ ಗೋಡೆಯನ್ನೇ ಸೇರುವುದು. ಅಂಗುಲ ದಪ್ಪಕ್ಕೆ ಒಂದು ತಿಂಗಳೆಂಬ ಕಟ್ಟಡದವರ ಸ್ಥೂಲ ಲೆಕ್ಕದಂತೆ ಒಂಬತ್ತಂಗುಲದ ಗೋಡೆ ಒಣಗಲು ಒಂಬತ್ತು ತಿಂಗಳು. ಆಮೇಲೆ ಸುಣ್ಣದ ಗಾರೆ, ಅದರ ಮೇಲೆ ಉಸಿರಾಡಬಲ್ಲ ಬರಿಯ ಸುಣ್ಣ. ಬಣ್ಣದ ಮೇಸ್ತ್ರಿ ಈಗಲೂ ಬಂದಾಗಲೆಲ್ಲ ಆ ಗೋಡೆಯನ್ನು ನೋಡಿ, ಇದೊಂದು ಬಾಕಿ ಉಳಿಯಿತಲ್ಲ ಸ್ವಾಮಿ, ಎನ್ನುತ್ತಾನೆ.