ಹದಿಮೂರು ಕ್ರೀಡಾಂಗಣ ತುಂಬುವಷ್ಟು ಅರ್ಜಿ

ಅಹಮದಾಬಾದಿನ ಚಾಂದ್‌ಖೇಡಾದ ಪಕ್ಕದಲ್ಲೇ ಮೊಟೇರಾ. ಅಲ್ಲಿನ ನರೇಂದ್ರ ಮೋದಿ ಕ್ರೀಡಾಂಗಣದಲ್ಲಿ 1,32,000 ಆಸನಗಳಿವೆ. ಜಗತ್ತಿನಲ್ಲಿ ಇದಕ್ಕಿಂತ ದೊಡ್ಡ ಕ್ರಿಕೆಟ್ ಕ್ರೀಡಾಂಗಣ ಇಲ್ಲ. ಗುಜರಾತಿನಲ್ಲಿ ತಲಾಟಿ, ಅಂದರೆ ಗ್ರಾಮ ಪಂಚಾಯಿತಿ ಕಾರ್ಯದರ್ಶಿ ಹುದ್ದೆಗೆ 2023ರ ಮೇ 7ರಂದು ಪರೀಕ್ಷೆ ನಡೆಯಿತು. ಬಂದಿದ್ದ ಅರ್ಜಿಗಳು ಸುಮಾರು 17 ಲಕ್ಷ. ಅಷ್ಟು ಜನರನ್ನು ಕೂರಿಸಲು ಆ ಕ್ರೀಡಾಂಗಣವನ್ನು ಹದಿಮೂರು ಸಲ ತುಂಬಿಸಬೇಕು. ಇದ್ದ ಹುದ್ದೆಗಳು 3,437. ಒಂದೊಂದಕ್ಕೆ ಸುಮಾರು 495 ಜನ!

ಅದೇ ಗುಜರಾತಿನ ನಿರುದ್ಯೋಗ ದರ, ಕೇಂದ್ರ ಸರ್ಕಾರದ 2023-24ರ ಕಾರ್ಮಿಕ ಬಲ ಸಮೀಕ್ಷೆಯ (ಪಿಎಲ್‌ಎಫ್‌ಎಸ್) ಪ್ರಕಾರ, ಬರೀ ಶೇ 1.1. ಎರಡೂ ಅಂಕಿ ನಿಜ. ವರ್ಷದ ಬಹುಪಾಲು ಕೆಲಸ ಹುಡುಕುತ್ತಲೇ ಕಳೆದವರು 30 ದಿನ ದುಡಿದಿದ್ದರೂ ಈ ಲೆಕ್ಕದಲ್ಲಿ ಉದ್ಯೋಗಸ್ಥರು. ಆ ದುಡಿಮೆ ಮನೆಯ ಹೊಲದಲ್ಲಿ, ಕೂಲಿಯಿಲ್ಲದೆ ನಡೆದಿದ್ದರೂ ಸರಿಯೇ. ಇಬ್ಬರ ಕೆಲಸಕ್ಕೆ ನಾಲ್ವರು ನಿಂತಿರುವ ಇಂಥ ಹೊಲದಲ್ಲೇ ಮರೆಮಾಚಿದ ನಿರುದ್ಯೋಗ ಅಡಗಿರುತ್ತದೆ.

ಉಳಿದ ಬಗೆಗಳೂ ಇಲ್ಲಿ ಕಣ್ಣೆದುರಿಗೇ ಇವೆ. ಚಾಂದ್‌ಖೇಡಾದ ಗುಜರಾತ್ ತಾಂತ್ರಿಕ ವಿಶ್ವವಿದ್ಯಾಲಯದಡಿ 400ಕ್ಕೂ ಹೆಚ್ಚು ಕಾಲೇಜುಗಳಿವೆ. ಪದವಿ ಮುಗಿದು ಮೊದಲ ಕೆಲಸ ಸಿಗುವವರೆಗಿನ ಅಲೆದಾಟ ಘರ್ಷಣಾತ್ಮಕ ನಿರುದ್ಯೋಗ. ಕಛ್‌ನ ಚಿಕ್ಕ ರಣ್‌ನಲ್ಲಿ ಉಪ್ಪು ತೆಗೆಯುವ ಅಗರಿಯಾಗಳ ಗದ್ದೆ ಮಳೆಗಾಲದಲ್ಲಿ ಮುಳುಗಿ ಕೆಲಸ ನಿಲ್ಲುತ್ತದೆ, ಅದು ಋತುಮಾನದ ನಿರುದ್ಯೋಗ. ಜಗತ್ತಿನ ಹತ್ತು ವಜ್ರಗಳಲ್ಲಿ ಒಂಬತ್ತಕ್ಕೆ ಸೂರತ್ತಿನಲ್ಲಿ ಹೊಳಪು ಬರುತ್ತದೆ. ವಿದೇಶದಲ್ಲಿ ಬೇಡಿಕೆ ಕುಸಿದಾಗ, 2024ರ ಆಗಸ್ಟ್‌ನಲ್ಲಿ, ಅಲ್ಲಿನ ಒಂದೇ ಕಂಪನಿ 50,000 ಕೆಲಸಗಾರರಿಗೆ ಹತ್ತು ದಿನ ರಜೆ ಕೊಟ್ಟಿತು. ಮಾರುಕಟ್ಟೆಯ ಏರಿಳಿತಕ್ಕೆ ಸಿಕ್ಕ ಇಂಥ ದುಡಿಮೆ ಪೂರ್ತಿ ನಿಂತರೆ ಅದೇ ಆವರ್ತಕ ನಿರುದ್ಯೋಗ.

ಎಲ್ಲಕ್ಕಿಂತ ಕಠಿಣವಾದದ್ದು, ಕಲಿತ ಕಸುಬಿಗೇ ಬೇಡಿಕೆ ಇಲ್ಲವಾಗುವ ರಾಚನಿಕ ನಿರುದ್ಯೋಗ. ಅಹಮದಾಬಾದಿನಲ್ಲಿ ಮೊದಲ ಬಟ್ಟೆ ಗಿರಣಿ ಶುರುವಾದದ್ದು 1861ರಲ್ಲಿ. 1980 ಮತ್ತು 90ರ ದಶಕಗಳಲ್ಲಿ ಗಿರಣಿಗಳು ಸಾಲುಸಾಲಾಗಿ ಮುಚ್ಚಿ, ಲಕ್ಷಕ್ಕೂ ಹೆಚ್ಚು ಕಾರ್ಮಿಕರು ಬೀದಿಗೆ ಬಿದ್ದರು. ಪಾಳಿಯ ಕೆಲಸ, ತಿಂಗಳ ಸಂಬಳ, ಭವಿಷ್ಯನಿಧಿ ಎಲ್ಲವೂ ಹೋಗಿ, ಮಗ್ಗ ನಡೆಸಿದ ಕೈಗಳು ಆಟೊ ಓಡಿಸಿದವು, ತರಕಾರಿ ಗಾಡಿ ತಳ್ಳಿದವು. ನಮ್ಮ ದಾವಣಗೆರೆಯ ಗಿರಣಿ ಕಾರ್ಮಿಕರಿಗೆ ಈ ನೋವನ್ನು ಬಿಡಿಸಿ ಹೇಳಬೇಕಿಲ್ಲ.

ಗಾಡಿ ತಳ್ಳುವ ಆ ನೇಕಾರ ಸಮೀಕ್ಷೆಯಲ್ಲಿ ಉದ್ಯೋಗಸ್ಥ. ತಲಾಟಿ ಹುದ್ದೆಗೆ ಅರ್ಜಿ ಹಾಕಿದ ಅವನ ಮಗ ಅಂಗಡಿಯಲ್ಲಿ ದುಡಿಯುತ್ತಿದ್ದರೆ ಅವನೂ ಉದ್ಯೋಗಸ್ಥ. ಪದವೀಧರನಿಗೆ ಬೇಕಾದದ್ದು ಕೆಲಸದ ಮಾಹಿತಿ, ಅಗರಿಯಾಗೆ ಮಳೆಗಾಲದ ಆದಾಯ, ವಜ್ರ ಕೆಲಸಗಾರನಿಗೆ ಕಷ್ಟಕಾಲದ ಭತ್ಯೆ, ನೇಕಾರನಿಗೆ ಹೊಸ ಕಸುಬು. ನಾಲ್ಕು ಕಾಯಿಲೆಗೆ ಒಂದೇ ಅಂಕಿ ಹಿಡಿದು ಮದ್ದು ಬರೆಯಲಾಗದು. ಸರ್ಕಾರಗಳು ಎಷ್ಟು ಜನರಿಗೆ ಕೆಲಸವಿಲ್ಲ ಎಂದಷ್ಟೇ ಹೇಳಿದರೆ ಸಾಲದು. ಯಾರಿಗೆ, ಯಾಕೆ ಇಲ್ಲ ಎಂಬುದನ್ನೂ ಹೇಳಬೇಕು.