ಹೊಸ ವರ್ಷದ ರಾತ್ರಿ, ಗೆಳೆಯರ ಜೊತೆ ಒಂದು ಆಯ–ವ್ಯಯ

ಡಿಸೆಂಬರ್ ಕೊನೆಯ ವಾರ ಬಂತು ಅಂದ್ರೆ ಎಲ್ಲ ವಾಟ್ಸ್‌ಆ್ಯಪ್ ಗ್ರೂಪ್‌ಗಳಲ್ಲೂ ಒಂದೇ ಪ್ರಶ್ನೆ: "ಥರ್ಟಿ ಫಸ್ಟ್‌ಗೆ ಏನ್ ಪ್ಲಾನ್?" ಒಬ್ಬರು ಗೋಕರ್ಣ ಅಂತಾರೆ, ಇನ್ನೊಬ್ಬರು ಚಿಕ್ಕಮಗಳೂರು ಅಂತಾರೆ, ಮೂರನೆಯವರು ಒಂದು ಥಂಬ್ಸ್‌ ಅಪ್ ಹಾಕಿ ಸುಮ್ಮನಾಗ್ತಾರೆ. ಕೊನೆಗೆ ಹೋಮ್‌ಸ್ಟೇನೂ ಸಿಗಲ್ಲ, ರಜೆನೂ ಸಿಗಲ್ಲ. ಯಾರದೋ ರೂಮಿನ ತಾರಸಿಯಲ್ಲಿ ಎಲ್ಲರೂ ಸೇರ್ತಾರೆ.

ಇವತ್ತಿನ ಸಂಚಿಕೆ ಆ ತಾರಸಿಯಲ್ಲಿ ಕೂತು ಏನು ಮಾಡಬಹುದು ಅನ್ನೋದರ ಬಗ್ಗೆ. ಎರಡು ಪ್ರಶ್ನೆ ಇಟ್ಕೊಂಡಿದ್ದೇನೆ. ಒಂದು, ಜನವರಿ 1 ಅನ್ನೋ ತಾರೀಖಿನಲ್ಲಿ ನಿಜವಾಗಲೂ ಏನಾದರೂ ಇದೆಯಾ? ಎರಡು, ಕಳೆದ ವರ್ಷವನ್ನು ಒಬ್ಬರೇ ನೆನಪಿಸಿಕೊಳ್ಳೋದಕ್ಕೂ ಗೆಳೆಯರ ಎದುರು ಬಾಯಿಬಿಟ್ಟು ಹೇಳೋದಕ್ಕೂ ಏನು ವ್ಯತ್ಯಾಸ? ಬನ್ನಿ, ಶುರು ಮಾಡೋಣ.

ಜನವರಿ 1 ಎಲ್ಲಿಂದ ಬಂತು?

ಮೊದಲು ಇತಿಹಾಸ, ಚುಟುಕಾಗಿ. ರೋಮ್‌ನಲ್ಲಿ ಕಾನ್ಸಲ್‌ಗಳು, ಅಂದ್ರೆ ಅಲ್ಲಿನ ಮುಖ್ಯ ಆಡಳಿತಗಾರರು, ಕ್ರಿ.ಪೂ. 153ರಿಂದ ಜನವರಿ 1ರಂದು ಅಧಿಕಾರ ವಹಿಸಿಕೊಳ್ಳತೊಡಗಿದರು. ಕ್ರಿ.ಪೂ. 45ರಲ್ಲಿ ಜೂಲಿಯಸ್ ಸೀಸರ್ ತಂದ ಕ್ಯಾಲೆಂಡರ್‌ ಕೂಡ ಅದೇ ದಿನದಿಂದ ಶುರುವಾಯ್ತು. ಹಾಗಂತ ಯುರೋಪ್ ಪೂರ್ತಿ ಅದನ್ನು ಒಪ್ಪಿಕೊಂಡು ಕೂತಿರಲಿಲ್ಲ. ಇಂಗ್ಲೆಂಡ್‌ನಲ್ಲಿ ಶತಮಾನಗಳ ಕಾಲ ಸರ್ಕಾರಿ ಲೆಕ್ಕದ ಹೊಸ ವರ್ಷ ಮಾರ್ಚ್ 25ಕ್ಕೆ. ಅದನ್ನು ಜನವರಿ 1ಕ್ಕೆ ತಂದದ್ದು 1752ರಲ್ಲಿ. ಆ ಬದಲಾವಣೆಯಿಂದಾಗಿ ಅಲ್ಲಿ 1751ನೇ ಇಸವಿಯಲ್ಲಿ ಇದ್ದದ್ದು ಬರೀ 282 ದಿನ!

ನಮ್ಮ ಕಡೆ ನೋಡಿ. ಯುಗಾದಿ ಚೈತ್ರ ಶುದ್ಧ ಪಾಡ್ಯಕ್ಕೆ. ತುಳುನಾಡಿನಲ್ಲಿ ಏಪ್ರಿಲ್ ಮಧ್ಯದಲ್ಲಿ ಬಿಸು ಪರ್ಬ. ಅದೇ ಹೊತ್ತಿಗೆ ಕೊಡಗಿನಲ್ಲಿ ಎಡಮ್ಯಾರ್ ಒಂದು. ದೀಪಾವಳಿಯಲ್ಲಿ ಅಂಗಡಿಯವರು ಹೊಸ ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡ್ತಾರೆ. ಆದಾಯ ತೆರಿಗೆಯವರಿಗೆ ಏಪ್ರಿಲ್ 1. ಭಾರತ ಸರ್ಕಾರದ್ದೇ ಆದ ರಾಷ್ಟ್ರೀಯ ಪಂಚಾಂಗವೂ ಒಂದಿದೆ. ಶಕ ವರ್ಷದ ಲೆಕ್ಕದ ಅದು 1957ರ ಮಾರ್ಚ್ 22ರಿಂದ ಜಾರಿಯಲ್ಲಿದೆ.

ಅಂದ್ರೆ ತಾರೀಖು ಜನ ಮಾಡಿಕೊಂಡದ್ದು. ಯಾವ ದಿನ ಆದ್ರೂ ಆಗಬಹುದು. ಆದರೆ ಒಂದು ದಿನ ಅಂತ ಇರಬೇಕು. ಯಾಕೆ?

ಹೊಸ ಪುಟದ ಹುರುಪು

2014ರಲ್ಲಿ ಹೆಂಗ್‌ಚೆನ್ ಡೈ, ಕ್ಯಾಥರೀನ್ ಮಿಲ್ಕ್‌ಮನ್, ಜೇಸನ್ ರೀಸ್ ಅನ್ನೋ ಮೂವರು ಸಂಶೋಧಕರು ಅಮೆರಿಕದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಡಯಟ್ ಬಗ್ಗೆ ಗೂಗಲ್‌ನಲ್ಲಿ ಜನ ಯಾವಾಗ ಹುಡುಕ್ತಾರೆ, ವಿದ್ಯಾರ್ಥಿಗಳು ಜಿಮ್‌ಗೆ ಯಾವಾಗ ಹೆಚ್ಚು ಹೋಗ್ತಾರೆ ಅಂತ ನೋಡಿದರು. ವಾರದ ಶುರು, ತಿಂಗಳ ಶುರು, ಸೆಮಿಸ್ಟರ್ ಶುರು, ಹೊಸ ವರ್ಷ — ಇಂಥ ದಿನಗಳಲ್ಲಿ ಎರಡೂ ಏರ್ತಿದ್ದವು. ನಮ್ಮ ಮನಸ್ಸು ಇಂಥ ದಿನವನ್ನು ಗೆರೆ ಎಳೆದ ಹಾಗೆ ನೋಡುತ್ತೆ. ಗೆರೆಯ ಆ ಕಡೆ ಇರೋದು ಹಳೇ ನಾನು, ಈ ಕಡೆ ಹೊಸ ನಾನು. ಹೊಸ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಅಕ್ಷರ ದುಂಡಗೆ ಬರುತ್ತಲ್ಲ, ಅದೇ ಹುರುಪು ಇದು.

ಆದರೆ ಹುರುಪು ಮಾತ್ರ ಇದ್ದರೆ ಏನಾಗುತ್ತೆ ಅಂತ ಎಲ್ಲರಿಗೂ ಗೊತ್ತು. ನೋಟ್‌ಬುಕ್‌ನ ಹತ್ತನೇ ಪುಟದ ಅಕ್ಷರ ನೋಡಿದರೆ ಸಾಕು. ಅದಕ್ಕೇ ಮುಂದಿನ ವರ್ಷದ ಬಗ್ಗೆ ಮಾತಾಡೋ ಮುಂಚೆ ಹೋದ ವರ್ಷದ ಲೆಕ್ಕ ನೋಡಬೇಕು ಅಂತ ನಾನು ಹೇಳೋದು.

ಲೆಕ್ಕ ನೋಡೋದು ನಮಗೆ ಹೊಸದಲ್ಲ. ಯುಗಾದಿ ದಿನ ಪಂಚಾಂಗ ಶ್ರವಣ ಕೇಳಿರ್ತೀರಿ. ಪ್ರತಿ ರಾಶಿಗೂ ಆಯ ಇಷ್ಟು, ವ್ಯಯ ಇಷ್ಟು ಅಂತ ಓದ್ತಾರೆ. ಆಯ ಎರಡು, ವ್ಯಯ ಹದಿನಾಲ್ಕು ಅಂತ ಬಂದವರನ್ನು ಮನೆಯವರೆಲ್ಲ ಸೇರಿ ಗೋಳು ಹೊಯ್ಕೊಳ್ತಾರೆ. ಭವಿಷ್ಯದ ಮೇಲೆ ನಿಮಗೆ ನಂಬಿಕೆ ಇರಲಿ, ಇಲ್ಲದಿರಲಿ, ಆ ಎರಡು ಪದ ತುಂಬ ಚೆನ್ನಾಗಿವೆ. ಆಯ ಅಂದ್ರೆ ಬಂದದ್ದು, ವ್ಯಯ ಅಂದ್ರೆ ಹೋದದ್ದು. ಡಿಸೆಂಬರ್ 31ರ ರಾತ್ರಿ ಇದೇ ಲೆಕ್ಕವನ್ನು ಹಿಂದಕ್ಕೆ ತಿರುಗಿಸಿ, ಮುಗಿದ ವರ್ಷಕ್ಕೆ ಹಾಕಿ ನೋಡಬಹುದು.

ಫೋನ್ ಗ್ಯಾಲರಿಯೇ ಡೈರಿ

ಇದಕ್ಕೆ ಡೈರಿ ಬರೆದಿರಬೇಕು ಅಂತೇನಿಲ್ಲ. ನಿಮ್ಮ ಕೈಯಲ್ಲೇ ಇದೆ. ಫೋನ್ ಗ್ಯಾಲರಿ ತೆಗೆದು ಜನವರಿಗೆ ಹೋಗಿ, ಅಲ್ಲಿಂದ ಒಂದೊಂದೇ ತಿಂಗಳು ಕೆಳಗೆ ಬನ್ನಿ.

ಗ್ಯಾಲರಿ ಯಾಕೆ ಬೇಕು ಅಂದ್ರೆ, ನಮ್ಮ ನೆನಪು ಅಷ್ಟು ಪ್ರಾಮಾಣಿಕ ಅಲ್ಲ. ಡೇನಿಯಲ್ ಕಾನೆಮನ್ ಅನ್ನೋ ಮನಶ್ಶಾಸ್ತ್ರಜ್ಞರು, 2002ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದವರು, ಇದನ್ನು ತೋರಿಸಿಕೊಟ್ಟಿದ್ದಾರೆ. ಒಂದು ಅನುಭವವನ್ನು ನಾವು ಅಳೆಯೋದು ಅದರ ಅತಿ ತೀವ್ರ ಕ್ಷಣ ಮತ್ತು ಅದರ ಕೊನೆಯಿಂದ. ಹಾಗಾಗಿ ಡಿಸೆಂಬರ್‌ನಲ್ಲಿ ಬ್ರೇಕಪ್ ಆಗಿದ್ದರೆ ಇಡೀ ವರ್ಷ ಹಾಳು ಅನಿಸಬಹುದು. ಮಾರ್ಚ್‌ನಲ್ಲಿ ಅಮ್ಮನ ಆಪರೇಷನ್ ಚೆನ್ನಾಗಿ ಆದದ್ದು, ಜುಲೈನಲ್ಲಿ ಮೊದಲ ಸಂಬಳಕ್ಕೆ ತಂಗಿಗೆ ಸೈಕಲ್ ಕೊಡಿಸಿದ್ದು ಲೆಕ್ಕಕ್ಕೇ ಬರಲ್ಲ. ಗ್ಯಾಲರಿ ಅದನ್ನೆಲ್ಲ ಮತ್ತೆ ಎದುರಿಗೆ ತರುತ್ತೆ.

ಮಾಡೋದು ಹೀಗೆ. ಕೇಕ್ ಕಟ್ ಮಾಡೋಕೆ ಮುಂಚೆ, ಹತ್ತು ಗಂಟೆ ಸುಮಾರಿಗೆ ಎಲ್ಲರೂ ಕೂತ್ಕೊಳ್ಳಿ. ಇಪ್ಪತ್ತು ನಿಮಿಷ ಅವರವರ ಫೋನ್ ಅವರವರು ನೋಡಲಿ. ಆಮೇಲೆ ಒಬ್ಬೊಬ್ಬರಿಗೂ ಐದು ನಿಮಿಷ. ಪ್ರಶ್ನೆ ಮೂರೇ: ಏನು ಬಂತು? ಏನು ಹೋಯ್ತು? ಮುಂದಿನ ವರ್ಷ ಯಾವುದಕ್ಕೆ ಯಾರ ಸಹಾಯ ಬೇಕು?

ನಿಯಮಗಳೂ ಮೂರು. ಫೋನ್ ಯಾರೂ ಇನ್ನೊಬ್ಬರ ಕೈಗೆ ಕೊಡೋ ಹಾಗಿಲ್ಲ. ಯಾರೂ ರೆಕಾರ್ಡ್ ಮಾಡಿ ಸ್ಟೇಟಸ್‌ಗೆ ಹಾಕೋ ಹಾಗಿಲ್ಲ. ಕೇಳದೆ ಸಲಹೆ ಕೊಡೋ ಹಾಗಿಲ್ಲ. "ನಂಗೆ ಇವತ್ತು ಬೇಡ" ಅಂತ ಯಾರಾದರೂ ಅಂದ್ರೆ ಬಿಟ್ಟುಬಿಡಿ, ಒತ್ತಾಯ ಬೇಡ.

ಒಂದು ತಾರಸಿಯಲ್ಲಿ ಆದದ್ದು

ಇದು ಬರೀ ಆಟ ಅನಿಸಬಹುದು. ನಮ್ಮಲ್ಲಿ ಏನಾಯ್ತು ಅಂತ ಹೇಳ್ತೀನಿ. ಸಂಬಂಧಪಟ್ಟ ಗೆಳೆಯನ ಒಪ್ಪಿಗೆ ಕೇಳಿಯೇ ಹೇಳ್ತಿದ್ದೇನೆ.

ನಾವು ಐದು ಜನ, ದಾವಣಗೆರೆಯಲ್ಲಿ ಒಟ್ಟಿಗೆ ಓದಿದವರು. ಈಗ ಬೆಂಗಳೂರಿನ ಮೂಲೆಗೊಬ್ಬರಂತೆ ಇದ್ದೀವಿ. ಕಳೆದ ಡಿಸೆಂಬರ್ 31ರಂದು ವಿಜಯನಗರದ ಒಂದು ತಾರಸಿಯಲ್ಲಿ ಸೇರಿದ್ವಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಜೊತೆಗೊಂದು ಬೇಕರಿ ಕೇಕ್. ಗ್ಯಾಲರಿ ಲೆಕ್ಕ ಶುರುವಾಯ್ತು. ಒಬ್ಬಳ ಫೋನ್‌ನಲ್ಲಿ ವರ್ಷ ಪೂರ್ತಿ ಅಕ್ಕನ ಮಗುವಿನ ಫೋಟೋಗಳೇ. ಇನ್ನೊಬ್ಬನದ್ದರಲ್ಲಿ ಹೊಸ ಬೈಕ್, ಆಮೇಲೆ ಅದೇ ಬೈಕ್‌ನ ಇಎಂಐ ಮೆಸೇಜು. ನಕ್ಕಿದ್ದೇ ನಕ್ಕಿದ್ದು.

ನಾಲ್ಕನೆಯವನ ಸರದಿ ಬಂದಾಗ ಅವನು ಜುಲೈವರೆಗೆ ಚೆನ್ನಾಗಿ ಹೇಳ್ಕೊಂಡು ಬಂದ. ಆಗಸ್ಟ್‌ಗೆ ಬಂದು ನಿಂತ. "ಇಲ್ಲಿಂದ ಫೋಟೋನೇ ಇಲ್ಲಲೇ, ಬರೀ ಸ್ಕ್ರೀನ್‌ಶಾಟ್" ಅಂದ. ಎಲ್ಲವೂ ಕೆಲಸಕ್ಕೆ ಅರ್ಜಿ ಹಾಕಿದ ಸ್ಕ್ರೀನ್‌ಶಾಟ್‌ಗಳು. ಆಗಸ್ಟ್‌ನಲ್ಲೇ ಅವನನ್ನು ಕೆಲಸದಿಂದ ತೆಗೆದಿದ್ದರು. ನಾಲ್ಕು ತಿಂಗಳಿನಿಂದ ದಿನಾ ಬೆಳಗ್ಗೆ ಒಂಬತ್ತಕ್ಕೆ ಬ್ಯಾಗ್ ಹಾಕ್ಕೊಂಡು ಪಿಜಿಯಿಂದ ಹೊರಡ್ತಿದ್ದ, ಲೈಬ್ರರಿಯಲ್ಲಿ ಕೂತು ಸಂಜೆ ವಾಪಸ್ ಬರ್ತಿದ್ದ. ಗ್ರೂಪ್‌ನಲ್ಲಿ ಎಲ್ಲರ ಜೋಕ್‌ಗೂ ನಗುವ ಇಮೋಜಿ ಹಾಕ್ತಾನೇ ಇದ್ದ.

"ಅಪ್ಪಾಜಿಗೆ ಇನ್ನೂ ಹೇಳಿಲ್ಲಲೇ" ಅಂದ. ಯಾರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಬಜ್ಜಿ ತಟ್ಟೆಯನ್ನು ಒಬ್ಬಳು ಅವನ ಹತ್ತಿರ ಸರಿಸಿದಳು. ಮೂರನೇ ಪ್ರಶ್ನೆ ಬಾಕಿ ಇತ್ತಲ್ಲ, ಯಾರ ಸಹಾಯ ಬೇಕು ಅಂತ. ಅವನು ಹೇಳಿದ್ದು ಒಂದೇ: "ಮನೆಗೆ ಫೋನ್ ಮಾಡುವಾಗ ಯಾರಾದರೂ ಪಕ್ಕದಲ್ಲಿ ಕೂತ್ಕೊಳ್ರಿ."

ಜನವರಿ 2ರ ಸಂಜೆ ನಮ್ಮಲ್ಲಿ ಇಬ್ಬರು ಪಕ್ಕದಲ್ಲಿ ಕೂತ್ವಿ. ಅವನ ಅಪ್ಪ ಎಲ್ಲ ಕೇಳಿಸಿಕೊಂಡು, "ಊಟ ಮಾಡ್ತಿದ್ದೀಯೋ ಇಲ್ಲೋ, ಅದನ್ನ ಹೇಳು ಮೊದ್ಲು" ಅಂದರು.

ಯುಗಾದಿ ಹೊತ್ತಿಗೂ ಅವನಿಗೆ ಕೆಲಸ ಸಿಕ್ಕಿರಲಿಲ್ಲ. ಜೂನ್‌ನಲ್ಲಿ ಮೈಸೂರಿನಲ್ಲಿ ಸಿಕ್ತು, ಸಂಬಳ ಮೊದಲಿಗಿಂತ ಕಡಿಮೆ. ತಾರಸಿಯಲ್ಲಿ ಮಾತಾಡಿದ್ದಕ್ಕೇ ಕೆಲಸ ಸಿಕ್ತು ಅಂತ ನಾನು ಹೇಳಲ್ಲ. ಆದರೆ ಆ ಆರು ತಿಂಗಳು ಅವನು ಒಂಬತ್ತು ಗಂಟೆಗೆ ಬ್ಯಾಗ್ ಹಾಕ್ಕೊಂಡು ಸುಮ್ಮನೆ ಹೊರಡಬೇಕಾಗಿರಲಿಲ್ಲ. ರೆಸ್ಯೂಮೆ ತಿದ್ದೋಕೆ ಒಬ್ಬಳಿದ್ದಳು, ಎರಡು ತಿಂಗಳ ಪಿಜಿ ಬಾಡಿಗೆ ಕಟ್ಟೋಕೆ ಒಬ್ಬನಿದ್ದ, ಮನೆಯವರಿಗೆ ವಿಷಯ ಗೊತ್ತಿತ್ತು.

ಒಂದು ಮಾತು ಇಲ್ಲೇ ಹೇಳಿಬಿಡ್ತೀನಿ. ನಿಮ್ಮ ಗೆಳೆಯರು ಹೇಳಿದ ವಿಷಯ ನಿಮ್ಮ ಕೈ ಮೀರಿದ್ದು ಅನಿಸಿದರೆ, ಬದುಕೋದೇ ಬೇಡ ಅನ್ನೋ ಥರದ ಮಾತು ಬಂದರೆ, ಅವರನ್ನು ಒಬ್ಬರೇ ಬಿಡಬೇಡಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. ನಂಬರ್ 14416. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೂ ಮಾತಾಡಬಹುದು.

ಬಿಡ್ತೀನಿ ಅನ್ನೋದಕ್ಕಿಂತ ಮಾಡ್ತೀನಿ ಅನ್ನಿ

ಈಗ ಸಂಕಲ್ಪದ ವಿಷಯ. ನ್ಯೂ ಇಯರ್ ರೆಸಲ್ಯೂಷನ್ ಅಂದ್ರೆ ಎಲ್ಲರೂ ನಗ್ತಾರೆ. ಆದರೆ ಅಂಕಿಅಂಶ ಅಷ್ಟು ನಿರಾಶೆ ಹುಟ್ಟಿಸೋ ಹಾಗಿಲ್ಲ. ಸ್ವೀಡನ್‌ನಲ್ಲಿ 1,066 ಜನರ ಹೊಸ ವರ್ಷದ ಸಂಕಲ್ಪಗಳನ್ನು ಒಂದು ವರ್ಷ ಗಮನಿಸಿ, 2020ರಲ್ಲಿ ಫಲಿತಾಂಶ ಪ್ರಕಟಿಸಿದರು. ಏನಾದರೂ ಹೊಸದಾಗಿ ಮಾಡ್ತೀನಿ ಅಂದವರಲ್ಲಿ ಶೇ 58.9ರಷ್ಟು ಜನ ತಾವು ಗೆದ್ದೆವು ಅಂದರು. ಏನನ್ನೋ ಬಿಡ್ತೀನಿ ಅಂದವರಲ್ಲಿ ಹಾಗೆ ಹೇಳಿದ್ದು ಶೇ 47.1. ಸ್ವಲ್ಪ ಮಟ್ಟಿಗೆ ಬೆಂಬಲ ಸಿಕ್ಕ ಗುಂಪು ಏನೂ ಬೆಂಬಲ ಇಲ್ಲದ ಗುಂಪಿಗಿಂತ ಮುಂದಿತ್ತು. ಇದೆಲ್ಲ ಅವರವರೇ ಹೇಳಿಕೊಂಡದ್ದು ಅನ್ನೋದು ನೆನಪಿರಲಿ. ಆದರೂ ದಾರಿ ಗೊತ್ತಾಗುತ್ತೆ.

ಹಾಗಾಗಿ "ರಾತ್ರಿ ರೀಲ್ಸ್ ನೋಡೋದು ಬಿಡ್ತೀನಿ" ಅನ್ನೋ ಬದಲು "ರಾತ್ರಿ ಹತ್ತೂವರೆಗೆ ಫೋನ್ ಹಾಲ್‌ನಲ್ಲಿ ಚಾರ್ಜ್‌ಗೆ ಹಾಕಿ ಬಂದು ಮಲಗ್ತೀನಿ" ಅನ್ನಿ. ಎಷ್ಟು ಹೊತ್ತಿಗೆ, ಎಲ್ಲಿ, ಏನು ಮಾಡೋದು ಅಂತ ಮೊದಲೇ ನಿರ್ಧಾರ ಆಗಿದ್ದರೆ ಆ ಹೊತ್ತಿನಲ್ಲಿ ಮನಸ್ಸಿನ ಜೊತೆ ಜಗಳ ಆಡೋ ಕೆಲಸ ಕಡಿಮೆ. ಅದನ್ನು ಗೆಳೆಯರಲ್ಲಿ ಒಬ್ಬರಿಗೆ ಹೇಳಿ. ಇಡೀ ಗ್ರೂಪ್‌ಗೆ ಘೋಷಣೆ ಮಾಡೋದು ಬೇಡ. ವಾರಕ್ಕೊಮ್ಮೆ "ಏನಾಯ್ತು ಮಗಾ?" ಅಂತ ಕೇಳೋ ಒಬ್ಬರು ಸಾಕು.

ಇನ್ನು, 21 ದಿನ ಮಾಡಿದರೆ ಅಭ್ಯಾಸ ಆಗಿಬಿಡುತ್ತೆ ಅನ್ನೋ ಮಾತು ಕೇಳಿರ್ತೀರಿ. ಲಂಡನ್‌ನ ಯೂನಿವರ್ಸಿಟಿ ಕಾಲೇಜ್‌ನಲ್ಲಿ ಫಿಲಿಪ್ಪಾ ಲಾಲಿ ಮತ್ತು ಅವರ ತಂಡ 96 ಜನರನ್ನು 12 ವಾರ ಗಮನಿಸಿದ ಅಧ್ಯಯನ ಬೇರೆಯೇ ಹೇಳುತ್ತೆ. ಒಂದು ಕೆಲಸ ಯೋಚಿಸದೆ ತಾನಾಗಿ ಆಗೋ ಮಟ್ಟಕ್ಕೆ ಬರೋಕೆ ಸುಮಾರು 66 ದಿನ ಬೇಕಾಯ್ತು. ಕೆಲವರಿಗೆ 18 ದಿನ ಸಾಕಾಯ್ತು, ಇನ್ನು ಕೆಲವರಿಗೆ 254 ದಿನದವರೆಗೂ ಬೇಕಾಗಬಹುದು ಅಂತ ಲೆಕ್ಕ ಸಿಕ್ತು. ಮಧ್ಯೆ ಒಂದು ದಿನ ತಪ್ಪಿದರೆ ದೊಡ್ಡ ನಷ್ಟ ಏನೂ ಆಗಲಿಲ್ಲ.

ಎರಡನೇ ಭೇಟಿ ಯುಗಾದಿಗೆ

ಈಗ ಲೆಕ್ಕ ಹಾಕಿ. ಜನವರಿ 1ರಿಂದ 66ನೇ ದಿನ ಅಂದ್ರೆ ಮಾರ್ಚ್ ಮೊದಲ ವಾರ ಮುಗಿಯೋ ಹೊತ್ತು. ಅದಾಗಿ ಸ್ವಲ್ಪ ದಿನಕ್ಕೆ ಯುಗಾದಿ. ನಮಗೆ ವರ್ಷಕ್ಕೆ ಎರಡು ಹೊಸ ವರ್ಷ ಇರೋದು ಇಲ್ಲಿ ಉಪಯೋಗಕ್ಕೆ ಬರುತ್ತೆ. ಜನವರಿಯಲ್ಲಿ ಶುರು ಮಾಡಿದ್ದನ್ನು ಯುಗಾದಿಗೆ ಮತ್ತೆ ಸೇರಿ ನೋಡಿ. ನಿಂತುಹೋಗಿದ್ದರೆ ಮತ್ತೊಂದು ಹೊಸ ಪುಟ ಅಲ್ಲೇ ಇದೆ. ಬೇವು ಬೆಲ್ಲ ಒಟ್ಟಿಗೇ ತಿನ್ನೋ ಹಬ್ಬ ಅದು. ಯಾರ ಬಟ್ಟಲಿಗೆ ಬೇವು ಹೆಚ್ಚು ಬಿದ್ದಿದೆ ಅಂತ ನೋಡೋಕೂ ಒಳ್ಳೆಯ ದಿನ.

ಮತ್ತೆ ಮತ್ತೆ ಸೇರಿ ಅನ್ನೋದಕ್ಕೂ ಕಾರಣ ಇದೆ. ಕಾನ್ಸಾಸ್ ವಿಶ್ವವಿದ್ಯಾಲಯದ ಜೆಫ್ರಿ ಹಾಲ್ ಅವರ ಅಧ್ಯಯನದ ಪ್ರಕಾರ, ಪರಿಚಯದವರು ಸುಮ್ಮನೆ ಸ್ನೇಹಿತರಾಗೋಕೆ ಒಟ್ಟಿಗೆ ಸುಮಾರು 50 ಗಂಟೆ ಕಳೀಬೇಕು, ಸ್ನೇಹಿತರು ಅನಿಸೋಕೆ 90 ಗಂಟೆ, ಆಪ್ತರಾಗೋಕೆ 200 ಗಂಟೆಗೂ ಹೆಚ್ಚು. ಕಾಲೇಜು, ಹಾಸ್ಟೆಲ್‌ನಲ್ಲಿ ಈ ಗಂಟೆಗಳು ನಮಗೆ ಗೊತ್ತಿಲ್ಲದೇ ಸಿಗ್ತಿದ್ದವು. ಕೆಲಸಕ್ಕೆ ಸೇರಿದ ಮೇಲೆ ತಾರೀಖು ಹಾಕಿ ಇಟ್ಕೊಂಡರೆ ಮಾತ್ರ ಸಿಗುತ್ತೆ.

ಸರಿ, ಈ ಸಂಚಿಕೆ ಮುಗಿದ ಕೂಡಲೇ ಒಂದು ಕೆಲಸ ಮಾಡಿ. ನಿಮ್ಮ ಗ್ರೂಪ್ ತೆಗೆದು, ಪ್ಲಾನ್ ಕೇಳಿದಾಗ ಬರೀ ಥಂಬ್ಸ್‌ ಅಪ್ ಹಾಕಿ ಸುಮ್ಮನಾದವರು ಯಾರು ಅಂತ ನೋಡಿ. ಅವರಿಗೆ ಮೆಸೇಜ್ ಬೇಡ, ಫೋನ್ ಮಾಡಿ. "ಥರ್ಟಿ ಫಸ್ಟ್‌ಗೆ ಬಾ, ನಿನ್ನ ಆಯ–ವ್ಯಯ ಕೇಳಬೇಕು" ಅನ್ನಿ.

ಹೊಸ ವರ್ಷದ ಶುಭಾಶಯಗಳು.