ಯೀಸ್ಟ್ ಕೋಶದ ಒಳತರ್ಕವನ್ನು ಓದಿದ ಗುರು ಐರಾ ಹರ್ಸ್ಕೊವಿಟ್ಜ್

ಒಂದೇ ಬಗೆಯ ವಂಶವಾಹಿಗಳನ್ನು ಹೊತ್ತ ಜೀವಕೋಶಗಳು ಬೇರೆ ಬೇರೆ ರೂಪಗಳನ್ನೂ ಕೆಲಸಗಳನ್ನೂ ತಳೆಯುವುದು ಹೇಗೆ ಎಂಬುದು ಜೀವವಿಜ್ಞಾನದ ಮೂಲಭೂತ ಪ್ರಶ್ನೆಗಳಲ್ಲಿ ಒಂದು. ಒಂದೇ ಕೋಶದಿಂದ ಬೆಳೆದ ಮನುಷ್ಯನ ದೇಹದಲ್ಲಿ ನರಕೋಶವೂ ಇದೆ, ರಕ್ತಕೋಶವೂ ಇದೆ. ಈ ವೈವಿಧ್ಯದ ಗುಟ್ಟನ್ನು ಬ್ರೆಡ್ಡಿನ ಹಿಟ್ಟನ್ನು ಉಬ್ಬಿಸುವ ಯೀಸ್ಟ್ ಎಂಬ ಏಕಕೋಶ ಶಿಲೀಂಧ್ರದಲ್ಲಿ ಹುಡುಕಿ, ಅಲ್ಲಿ ಖಚಿತವಾದ ಉತ್ತರಗಳನ್ನು ಕಂಡವರಲ್ಲಿ ಅಮೆರಿಕದ ತಳಿವಿಜ್ಞಾನಿ ಐರಾ ಹರ್ಸ್ಕೊವಿಟ್ಜ್ ಪ್ರಮುಖರು. 1946ರಲ್ಲಿ ಜನಿಸಿ, 2003ರ ಏಪ್ರಿಲ್ ತಿಂಗಳಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ಗೆ ತುತ್ತಾಗಿ 56ನೆಯ ವಯಸ್ಸಿನಲ್ಲೇ ತೀರಿಕೊಂಡ ಅವರನ್ನು ವಿಜ್ಞಾನ ಲೋಕವು ಅವರ ಶೋಧಗಳಿಗಾಗಿ ಎಷ್ಟು ನೆನೆಯುತ್ತದೆಯೋ, ಅವರು ಬೆಳೆಸಿದ ಶಿಷ್ಯರಿಗಾಗಿಯೂ ಅಷ್ಟೇ ನೆನೆಯುತ್ತದೆ.

ಹರ್ಸ್ಕೊವಿಟ್ಜ್ ಅವರ ತಂದೆಯೂ ತಳಿವಿಜ್ಞಾನಿಯೇ ಆಗಿದ್ದು, ಆ ವಿಷಯದ ಪಠ್ಯಪುಸ್ತಕಗಳನ್ನು ಬರೆದವರು. ಮಗ ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಪದವಿ ಮುಗಿಸಿ, ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯಲ್ಲಿ ಬ್ಯಾಕ್ಟೀರಿಯಾಗಳಿಗೆ ಸೋಂಕು ತಗುಲಿಸುವ ಲ್ಯಾಮ್ಡಾ ಎಂಬ ವೈರಸ್ಸಿನ ಮೇಲೆ ಸಂಶೋಧನೆ ನಡೆಸಿ 1971ರಲ್ಲಿ ಡಾಕ್ಟರೇಟ್ ಪಡೆದರು. ಒಂದು ವಂಶವಾಹಿ ಇನ್ನೊಂದನ್ನು ಯಾವಾಗ ಎಚ್ಚರಿಸುತ್ತದೆ, ಯಾವಾಗ ತಡೆಯುತ್ತದೆ ಎಂದು ಲೆಕ್ಕ ಹಾಕುವ ಶಿಸ್ತು ಅವರಿಗೆ ಮೈಗೂಡಿದ್ದು ಅಲ್ಲಿಯೇ. ಮುಂದೆ ಒರೆಗಾನ್ ವಿಶ್ವವಿದ್ಯಾಲಯದಲ್ಲಿ ಅಧ್ಯಾಪಕರಾದ ಮೇಲೆ ಅವರು ಅದೇ ಶಿಸ್ತನ್ನು ಯೀಸ್ಟಿನ ಅಧ್ಯಯನಕ್ಕೆ ತಂದರು.

ಯೀಸ್ಟಿನಲ್ಲಿ ‘ಎ’ ಮತ್ತು ‘ಆಲ್ಫಾ’ ಎಂಬ ಎರಡು ಬಗೆಯ ಕೋಶಗಳಿದ್ದು, ಇವು ಒಂದು ರೀತಿಯಲ್ಲಿ ಅದರ ಎರಡು ಲಿಂಗಗಳು. ಪ್ರತಿಯೊಂದು ಬಗೆಯೂ ತನ್ನದೇ ರಾಸಾಯನಿಕ ಸಂಕೇತವನ್ನು ಹೊರಸೂಸಿ ಎದುರು ಬಗೆಯ ಕೋಶವನ್ನು ಸೆಳೆಯುತ್ತದೆ. ಸಂಕೇತವನ್ನು ಗ್ರಹಿಸಿದ ಕೋಶವು ವಿಭಜನೆಯನ್ನು ನಿಲ್ಲಿಸಿ, ಒಂದು ಬದಿಗೆ ಚಾಚಿಕೊಂಡು, ಸಂಗಾತಿಯೊಡನೆ ಕೂಡಿ ಒಂದಾಗುತ್ತದೆ. ಕೋಶವು ಯಾವ ಬಗೆಯದು ಎಂಬುದನ್ನು ವರ್ಣತಂತುವಿನ ಒಂದು ನಿರ್ದಿಷ್ಟ ತಾಣದಲ್ಲಿರುವ ಮಾಹಿತಿಯು ನಿರ್ಧರಿಸುತ್ತದೆ. ಅಚ್ಚರಿಯೆಂದರೆ, ಕೆಲವು ತಳಿಗಳ ‘ಎ’ ಕೋಶಗಳು ಕೆಲವೇ ತಲೆಮಾರುಗಳಲ್ಲಿ ‘ಆಲ್ಫಾ’ ಆಗಿಬಿಡುತ್ತವೆ, ‘ಆಲ್ಫಾ’ ಕೋಶಗಳು ಮತ್ತೆ ‘ಎ’ ಆಗುತ್ತವೆ. ಆನುವಂಶಿಕ ಗುಣವೆಂದರೆ ಸ್ಥಿರವಾದದ್ದು ಎಂಬ ನಂಬಿಕೆಗೆ ಇದು ಸವಾಲಾಗಿತ್ತು.

ಬಗೆ ಬದಲಾಗುವಾಗ ಜಾಗ ಬದಲಿಸುವ ಘಟಕವೊಂದು ಕೆಲಸ ಮಾಡುತ್ತಿರಬಹುದೆಂದು ಜಪಾನಿನ ಓಶಿಮಾ ಮತ್ತು ತಕಾನೊ 1971ರಲ್ಲಿ ಸೂಚಿಸಿದ್ದರು. ಆ ಸೂಚನೆಯನ್ನು ಮುಂದುವರಿಸಿದ ಹರ್ಸ್ಕೊವಿಟ್ಜ್, ತಮ್ಮ ಶಿಷ್ಯರಾದ ಜಿಮ್ ಹಿಕ್ಸ್ ಮತ್ತು ಜೆಫ್ ಸ್ಟ್ರಾಥರ್ನ್ ಅವರೊಂದಿಗೆ 1977ರಲ್ಲಿ ‘ಕ್ಯಾಸೆಟ್ ಮಾದರಿ’ಯನ್ನು ಮುಂದಿಟ್ಟರು. ಟೇಪ್ ರೆಕಾರ್ಡರಿನಲ್ಲಿ ಒಮ್ಮೆಗೆ ಒಂದೇ ಕ್ಯಾಸೆಟ್ ನುಡಿಯುವಂತೆ, ಕೋಶದಲ್ಲಿಯೂ ಎರಡು ಬಗೆಗಳ ಮಾಹಿತಿಯ ಮೂಕ ಪ್ರತಿಗಳು ಬೇರೆ ತಾಣಗಳಲ್ಲಿ ಇದ್ದು, ಅವುಗಳಲ್ಲಿ ಒಂದರ ನಕಲು ಸಕ್ರಿಯ ತಾಣಕ್ಕೆ ಬಂದು ಕೂತಾಗ ಮಾತ್ರ ಆ ಬಗೆಯು ಪ್ರಕಟವಾಗುತ್ತದೆ ಎಂಬುದು ಈ ಮಾದರಿಯ ಸಾರ.

ಡಿಎನ್‌ಎ ಸರಣಿಯನ್ನು ಓದುವುದು ಇನ್ನೂ ಕಷ್ಟವಾಗಿದ್ದ ಆ ಕಾಲದಲ್ಲಿ ಈ ಮಾದರಿಗೆ ಬಲ ತಂದ ಪ್ರಯೋಗವೊಂದನ್ನು ಹತ್ತಿರದಿಂದ ನೋಡಬೇಕು. ಸಕ್ರಿಯ ತಾಣದಲ್ಲಿ ದೋಷವಿದ್ದುದರಿಂದ ಕೂಡುವ ಶಕ್ತಿಯನ್ನೇ ಕಳೆದುಕೊಂಡ ‘ಆಲ್ಫಾ’ ಕೋಶಗಳನ್ನು ಸಂಶೋಧಕರು ಆಯ್ದುಕೊಂಡರು. ಆ ಕೋಶಗಳು ಮೊದಲು ‘ಎ’ ಆಗಿ, ಬಳಿಕ ಪುನಃ ‘ಆಲ್ಫಾ’ ಆದಾಗ, ದೋಷವು ಮಾಯವಾಗಿ ಅವು ಆರೋಗ್ಯವಂತ ‘ಆಲ್ಫಾ’ಗಳಾಗಿದ್ದವು. ಬಗೆ ಬದಲಾಗುವುದು ಹಳೆಯ ಮಾಹಿತಿಯ ತಿರುವುಮುರುವಿನಿಂದ ಮಾತ್ರವೇ ಆಗಿದ್ದರೆ ದೋಷವೂ ಜೊತೆಯಲ್ಲೇ ಉಳಿಯಬೇಕಿತ್ತು. ಅದು ಅಳಿಸಿಹೋಯಿತೆಂದರೆ ಕೋಶದೊಳಗೆ ಎಲ್ಲೋ ದೋಷವಿಲ್ಲದ ಇನ್ನೊಂದು ಪ್ರತಿ ಸುರಕ್ಷಿತವಾಗಿ ಇದ್ದಿರಲೇಬೇಕು. ಕಣ್ಣಿಗೆ ಕಾಣದ ಪ್ರತಿಯ ಇರವನ್ನು ತಳಿಗಳ ಸಂಕರ ಮತ್ತು ತರ್ಕ ಇವೆರಡರಿಂದಲೇ ಊಹಿಸಿದ ಈ ನಿರ್ಣಯವನ್ನು ಕೆಲವೇ ವರ್ಷಗಳಲ್ಲಿ ಡಿಎನ್‌ಎಯ ನೇರ ಅಧ್ಯಯನಗಳು ದೃಢಪಡಿಸಿದವು.

ಬಗೆ ಬದಲಾವಣೆಗೂ ಒಂದು ಕ್ರಮವಿದೆ ಎಂಬುದನ್ನು ಇದೇ ಗುಂಪು ಸೂಕ್ಷ್ಮದರ್ಶಕದಡಿ ತಾಯಿಕೋಶವನ್ನೂ ಅದರಿಂದ ಮೊಗ್ಗಿನಂತೆ ಹುಟ್ಟಿದ ಮರಿಕೋಶವನ್ನೂ ಬೇರ್ಪಡಿಸಿ, ತಲೆಮಾರಿನಿಂದ ತಲೆಮಾರಿಗೆ ವಂಶವೃಕ್ಷ ಬರೆದು ತೋರಿಸಿತು. ಒಮ್ಮೆಯಾದರೂ ಮರಿ ಹಾಕಿದ ಕೋಶ ಮಾತ್ರ ಬಗೆಯನ್ನು ಬದಲಿಸಬಲ್ಲದು, ಆಗತಾನೆ ಹುಟ್ಟಿದ ಮರಿ ಬದಲಿಸಲಾರದು. ಇದಕ್ಕೆ ಮುಖ್ಯ ಕಾರಣ ಮರಿಕೋಶದಲ್ಲಿ ಶೇಖರವಾಗುವ ಒಂದು ಪ್ರೋಟೀನು, ಬದಲಾವಣೆಯನ್ನು ಆರಂಭಿಸುವ ವಂಶವಾಹಿಯನ್ನು ತಡೆಹಿಡಿಯುವುದು. ಈ ಸಂಗತಿಯು 1996ರಲ್ಲಿ ಹರ್ಸ್ಕೊವಿಟ್ಜ್ ಅವರ ಪ್ರಯೋಗಾಲಯದಿಂದಲೂ ಯುರೋಪಿನ ಮತ್ತೊಂದು ಗುಂಪಿನಿಂದಲೂ ಪ್ರಕಟವಾಯಿತು. ಒಂದೇ ವಿಭಜನೆಯಿಂದ ಹುಟ್ಟಿದ ಎರಡು ಕೋಶಗಳು ಎರಡು ದಾರಿ ಹಿಡಿಯುವ ಬಗೆಗೆ ಇದು ಇಂದಿಗೂ ಮಾದರಿ ನಿದರ್ಶನವಾಗಿದೆ.

1980ರ ದಶಕದ ಆರಂಭದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ ಬಂದ ಹರ್ಸ್ಕೊವಿಟ್ಜ್ ಕೊನೆಯವರೆಗೂ ಅಲ್ಲಿಯೇ ದುಡಿದರು. ಮೂಕ ಪ್ರತಿಗಳನ್ನು ಮೂಕವಾಗಿಯೇ ಇಡುವ ವಂಶವಾಹಿಗಳ ಅಧ್ಯಯನದಲ್ಲಿ ಹೆಸರಾದ ಜಾಸ್ಪರ್ ರೈನ್, ವಂಶವಾಹಿಗಳನ್ನು ನಿಯಂತ್ರಿಸುವ ಪ್ರೋಟೀನುಗಳ ಅಧ್ಯಯನದಲ್ಲಿ ಹೆಸರಾದ ಅಲೆಕ್ಸಾಂಡರ್ ಜಾನ್ಸನ್ ಅವರಂಥವರು ಅವರ ಪ್ರಯೋಗಾಲಯದಲ್ಲಿ ಪಳಗಿದವರು. ಗಿಟಾರ್ ನುಡಿಸುತ್ತಾ ವಿಜ್ಞಾನದ ಬಗ್ಗೆಯೇ ಹಾಡು ಕಟ್ಟುತ್ತಿದ್ದ ಈ ಮೇಷ್ಟ್ರಿಗೆ ಪಾಠ ಹೇಳುವುದು ಸಂಶೋಧನೆಯಷ್ಟೇ ಪ್ರಿಯವಾದ ಕಾಯಕವಾಗಿತ್ತು. ಯೀಸ್ಟ್ ಸಂಶೋಧಕರಿಗೆ ಅಮೆರಿಕದ ತಳಿವಿಜ್ಞಾನ ಸಂಘವು ಅವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿರುವುದು ಅವರ ಮೇಲಿನ ಗೌರವದ ಗುರುತು.

ಹರ್ಸ್ಕೊವಿಟ್ಜ್ ಬಿಟ್ಟುಹೋದ ದೊಡ್ಡ ಆಸ್ತಿಯೆಂದರೆ ಸರಿಯಾದ ಪ್ರಶ್ನೆಯನ್ನು ಸರಿಯಾದ ಜೀವಿಯಲ್ಲಿ ಕೇಳಿ, ಪ್ರತಿಯೊಂದು ಫಲಿತಾಂಶದಿಂದ ಎಷ್ಟು ನಿರ್ಣಯ ಹೊರಡುತ್ತದೆಯೋ ಅಷ್ಟನ್ನು ಪೂರ್ತಿಯಾಗಿ ಹೊರಡಿಸುವ ವಿಧಾನ. ದುಬಾರಿ ಉಪಕರಣಗಳಿಲ್ಲದ ಕಾಲೇಜುಗಳಲ್ಲಿ ತಳಿವಿಜ್ಞಾನ ಕಲಿಸುವ ಕನ್ನಡ ನಾಡಿನ ಅಧ್ಯಾಪಕರು, ದೋಷವಳಿದ ಆ ಯೀಸ್ಟ್ ಕೋಶಗಳ ಪ್ರಯೋಗವನ್ನು ಕರಿಹಲಗೆಯ ಮೇಲೆ ಹಂತ ಹಂತವಾಗಿ ಬಿಡಿಸಿ, ನಿರ್ಣಯವನ್ನು ವಿದ್ಯಾರ್ಥಿಗಳಿಂದಲೇ ಹೇಳಿಸಬೇಕು. ಆ ಗುರುವಿಗೆ ಸಲ್ಲಬೇಕಾದ ನಿಜವಾದ ಗೌರವ ಅದು.